ಕೇಳಿ, ಹೇಳ್ತೇನೆ: ಬನದ ಕಟ್ಟಿಗೆ ಮತ್ತು ಮೊಮ್ಮಗಳ ಪ್ರಾಜೆಕ್ಟು

ಪ್ರಶ್ನೆ: ಮೊಮ್ಮಗಳು ಇಂಗ್ಲಿಷ್ ಮೀಡಿಯಂನಲ್ಲಿ ಆರನೇ ಕ್ಲಾಸು. ಮರ ನೆಡಿಸಿ ಹೆಸರಾದ ಆಫ್ರಿಕಾದ ವಂಗಾರಿ ಮಾಥಾಯಿ ಬಗ್ಗೆ ಪ್ರಾಜೆಕ್ಟು ಬರೆಯಲಿಕ್ಕುಂಟು. ನಮ್ಮ ನಾಗಬನದಿಂದ ಒಂದು ಕಡ್ಡಿಯನ್ನೂ ತರಬಾರದು ಎಂದರೆ ‘ಅಜ್ಜೀ, ಅದೆಲ್ಲ ಮೂಢನಂಬಿಕೆ’ ಎಂದು ನಗುತ್ತಾಳೆ. ಅಷ್ಟು ಕಲಿತ ಆ ಹೆಂಗಸು ನಮ್ಮಂಥವರಿಗೆ ಏನು ಹೇಳಿಯಾರು?
– ಒಬ್ಬ ಅಜ್ಜಿ, ಮುಳ್ಳೇರಿಯ

ಉತ್ತರ: ಅಕ್ಕಾ, ನೀವು ಹೇಳಿದ್ದನ್ನೇ ವಂಗಾರಿಗೆ ಅವರ ತಾಯಿಯೂ ಹೇಳಿದ್ದರು. ಕೀನ್ಯಾದ ನ್ಯೇರಿ ಸೀಮೆಯ ಇಹಿಥೆ ಎಂಬ ಹಳ್ಳಿ, 1940ರಲ್ಲಿ ಹುಟ್ಟು, ಗಿಕುಯು ಜನ. ಮನೆಯ ಹತ್ತಿರ ಮುಗುಮೊ ಎಂಬ ದೊಡ್ಡ ಮರ, ನಮ್ಮ ಅತ್ತಿ, ಗೋಳಿಗಳ ಬಳಗದ್ದು. ಕಟ್ಟಿಗೆಗೆ ಹೊರಟ ಹುಡುಗಿಗೆ ತಾಯಿಯ ಅಪ್ಪಣೆ: ಅದರದ್ದು ತರಬೇಡ, ಅದು ದೇವರ ಮರ. ಪಕ್ಕದಲ್ಲೇ ಒಂದು ತೊರೆ. ಅಲ್ಲಿ ಕೆಸುವಿನ ಎಲೆಯಡಿ ಕಪ್ಪೆಮೊಟ್ಟೆಗಳು ಮಣಿಸರದ ಹಾಗೆ ಕಾಣುತ್ತಿದ್ದವು. ಕೊರಳಿಗೆ ಹಾಕಿಕೊಳ್ಳುವಾ ಎಂದು ಎತ್ತಿದರೆ ಕೈಯಲ್ಲೇ ಜಾರಿಹೋಗುತ್ತಿದ್ದವು.

ಹುಡುಗಿಯನ್ನು ಶಾಲೆಗೆ ಹಾಕುವ ಯೋಚನೆ ಮೊದಲು ಬಂದದ್ದು ಅಣ್ಣನಿಗೆ. ‘ವಂಗಾರಿ ಯಾಕೆ ಹೋಗುವುದಿಲ್ಲ?’ ಎಂದು ಅವನು ಕೇಳಿದ, ತಾಯಿ ಕಳಿಸಿದರು. ಆಗ ವಯಸ್ಸು ಎಂಟು. ಮುಂದೆ ಮಿಶನ್ ಬೋರ್ಡಿಂಗ್ ಶಾಲೆ. ಮನೆಮಾತು ಆಡಿ ಸಿಕ್ಕಿಬಿದ್ದವರ ಅಂಗಿಗೆ ಅಲ್ಲಿ ಒಂದು ಬಿಲ್ಲೆ. ಸಂಜೆಗೆ ಅದು ಯಾರಲ್ಲಿ ಉಳಿಯಿತೋ ಅವರಿಗೆ ಕಸ ಗುಡಿಸುವಂಥ ಶಿಕ್ಷೆ. (ನಮ್ಮಲ್ಲಿ ಕೆಲವು ಕಡೆ ಫೈನು ಹಾಕುತ್ತಾರಂತೆ. ಬಿಲ್ಲೆಯ ಖರ್ಚಾದರೂ ಉಳಿಯಿತು ಮಾರಾಯ್ರೆ!) ಆದರೆ 1960ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಜೀವಶಾಸ್ತ್ರ ಓದುವಂತಾದದ್ದೂ ಆ ಮಿಶನ್ ಶಾಲೆಗಳಿಂದಲೇ. 1971ರಲ್ಲಿ ನೈರೋಬಿಯಲ್ಲಿ ಡಾಕ್ಟರೇಟು. ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಅದನ್ನು ಪಡೆದ ಮೊದಲ ಹೆಂಗಸು.

ಊರಿಗೆ ಬಂದು ನೋಡಿದರೆ ಆ ಮುಗುಮೊ ಮರ ಇಲ್ಲ. ಜಾಗ ಕೈಬದಲಾಗಿ, ಹೊಸ ಯಜಮಾನ ಚಹಾ ಬೆಳೆಸಲಿಕ್ಕೆ ಕಡಿಸಿದ್ದ. ತೊರೆಯೂ ಬತ್ತಿತ್ತು. ಆಳಕ್ಕಿಳಿದ ಆ ಬೇರುಗಳೇ ಗುಡ್ಡದ ಮಣ್ಣನ್ನು ಹಿಡಿದು, ಅಡಿಯ ನೀರು ಮೇಲೆ ಬರಲು ದಾರಿ ಮಾಡಿಕೊಡುತ್ತಿದ್ದವು ಎಂದು ವಂಗಾರಿ ಮುಂದೆ ವಿವರಿಸಿದರು. ತಾಯಿ ಈ ಕಾರಣವನ್ನೆಲ್ಲ ಹೇಳಿರಲಿಲ್ಲ.

1977ರಲ್ಲಿ ವಂಗಾರಿ ಹಳ್ಳಿ ಹೆಂಗಸರಿಂದ ಮರ ನೆಡಿಸುವ ಗ್ರೀನ್ ಬೆಲ್ಟ್ ಚಳವಳಿ ಶುರು ಮಾಡಿದರು. ಸಸಿ ಎಬ್ಬಿಸಲಿಕ್ಕೆ ಓದಿದವರೇ ಬೇಕು ಎಂದರು ಅರಣ್ಯ ಇಲಾಖೆಯವರು. ಹಳ್ಳಿ ಹೆಂಗಸರು ಕೇಳಬೇಕಲ್ಲ! ಬೀಜ ಹೆಕ್ಕಿ ತಂದು ಒಡಕು ಮಡಕೆಯಲ್ಲೂ ಸಸಿ ಮಾಡಿದರು. ಬದುಕಿದ ಪ್ರತಿ ಸಸಿಗೂ ಅವರಿಗೆ ಸ್ವಲ್ಪ ದುಡ್ಡು. ಮೂರು ಕೋಟಿ ಮರ, 2004ರ ನೊಬೆಲ್ ಇತ್ಯಾದಿ ಮೊಮ್ಮಗಳಿಗೆ ನೆಟ್‌ನಲ್ಲೇ ಸಿಗುತ್ತದೆ.

ಹಾಗೆಂದು ಹಳತೆಲ್ಲ ಸರಿ ಎಂದು ನಾನು ಹೇಳಲಾರೆ. ಹುಡುಗಿಯರಿಗೆ ಸುನ್ನತಿ ಮಾಡುವುದೂ ಗಿಕುಯು ಪದ್ಧತಿಯಲ್ಲಿತ್ತು. ಅದನ್ನು ಬಿಡಲೇಬೇಕೆಂದು 1929ರಲ್ಲಿ ಮಿಶನ್‌ನವರು ಪಟ್ಟು ಹಿಡಿದಾಗ ಅನೇಕರು ಮಕ್ಕಳನ್ನು ಬಿಡಿಸಿ ತಮ್ಮದೇ ಶಾಲೆಗಳನ್ನು ಕಟ್ಟಿಕೊಂಡರು. ಆದ್ದರಿಂದ ಮೊಮ್ಮಗಳು ಪ್ರಶ್ನೆ ಕೇಳಲಿ, ಬೈಯಬೇಡಿ.

ನಿಮ್ಮ ಬನದ ಕೆಳಗೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಉಂಟೋ? ಇದ್ದರೆ ಎಪ್ರಿಲಿನಲ್ಲಿ ಅವಳನ್ನು ಕರೆದುಕೊಂಡು ಹೋಗಿ. ಕೊಡಪಾನ ತುಂಬಲು ಎಷ್ಟು ಹೊತ್ತು ಬೇಕು, ಗುಡ್ಡ ಬೋಳಿಸಿ ರಬ್ಬರು ಹಾಕಿದಲ್ಲಿನ ಸುರಂಗದಲ್ಲಿ ಎಷ್ಟು ಹೊತ್ತು, ಎರಡನ್ನೂ ಅವಳೇ ಬರೆದುಕೊಳ್ಳಲಿ. ವ್ಯತ್ಯಾಸ ಕಾಣದಿದ್ದರೆ ಹಾಗೆಂದೇ ಬರೆಯಲಿ. ಇಂಗ್ಲಿಷಿನಲ್ಲಾದರೂ ಅಡ್ಡಿಯಿಲ್ಲ.