ಶಿರಾದ ಗೆಳೆಯರ ‘ಮೂರು ದಿನ, ಐದು ಚಿತ್ರ’ ಬರಹಕ್ಕೆ ನನ್ನ ಉತ್ತರ

ಶಿರಾದ ಗೆಳೆಯರೇ, ದೀಪಾವಳಿ ರಜೆಯ ಮೂರು ದಿನಗಳಲ್ಲಿ ಐದು ಚಿತ್ರಗಳನ್ನು ನೋಡಿ, ಒಂದೊಂದಕ್ಕೆ ಒಂದೊಂದು ಸಾಲಿನ ತೀರ್ಪು ಬರೆದು ನಿನ್ನೆ ರಾತ್ರಿ ನಮ್ಮ ಸಿನಿಮಾ ಗುಂಪಿನಲ್ಲಿ ಹಾಕಿದ್ದೀರಿ. ‘ಭ್ರಮಯುಗಂ’ ಬರೀ ಕತ್ತಲೆ, ‘ಪರ್ಫೆಕ್ಟ್ ಡೇಸ್’ ಪೂರ್ತಿ ಲ್ಯಾಗ್, ‘12 ಆಂಗ್ರಿ ಮೆನ್’ ಒಂದೇ ಕೋಣೆಯಲ್ಲಿ ಮಾತೇ ಮಾತು, ‘ಎ ಕ್ವೈಟ್ ಪ್ಲೇಸ್’ ಹೆದರಿಸಲಿಲ್ಲ, ‘ಸು ಫ್ರಮ್ ಸೋ’ ಒನ್ ಟೈಮ್ ವಾಚ್ ಎಂದಿದ್ದೀರಿ. ಇವು ನಿಮ್ಮ ಅಭಿಪ್ರಾಯಗಳು, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೊನೆಯಲ್ಲಿ ‘ಎಲ್ಲವನ್ನೂ ಫೋನಿನಲ್ಲೇ, ಬಸ್ಸಿನಲ್ಲಿ ಹೋಗಿ ಬರುವಾಗ, ಒಂದೂವರೆ ಪಟ್ಟು ವೇಗದಲ್ಲಿ ಮುಗಿಸಿದೆ’ ಎಂದು ಸೇರಿಸಿದ್ದೀರಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ನನಗೆ ಆಗಲಿಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದರಿಂದ ಈ ಗುಂಪಿನ ಒಬ್ಬ ಹಿರಿಯರ ಮನಸ್ಸು ನೋಯಿಸಿದ್ದೇನೆ.

2024ರಲ್ಲಿ ಮಲಯಾಳಂನ ಭಯಾನಕ ಚಿತ್ರ ‘ಭ್ರಮಯುಗಂ’ ಮೊಬೈಲಿಗೆ ಬಂದಾಗ, ಗುಂಪಿನ ತಿಂಗಳ ಪ್ರದರ್ಶನಕ್ಕೆ ಅದನ್ನೇ ಇಟ್ಟುಕೊಳ್ಳೋಣ ಎಂದು ತುಮಕೂರಿನ ಕ್ಯಾತಸಂದ್ರದ ನಮ್ಮ ನಿವೃತ್ತ ಚಿತ್ರಕಲಾ ಮೇಷ್ಟ್ರು ಸೂಚಿಸಿದ್ದರು. ಮೊದಲು ಒಬ್ಬರು ನೋಡಿ ಹೇಳಲಿ ಎಂದಾಗ ಆ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ, ಎರಡು ದಿನ, ಎರಡು ಕಂತುಗಳಲ್ಲಿ ನೋಡಿದೆ. ಹಿರೇಹಳ್ಳಿ ದಾಟುವ ಹೊತ್ತಿಗೆ ಬಿಸಿಲು ನೇರವಾಗಿ ಕಿಟಕಿಯೊಳಕ್ಕೆ ಬೀಳುತ್ತದೆ. ಪರದೆಯ ಮೇಲೆ ನನಗೆ ಕಂಡದ್ದು ನನ್ನ ಮುಖ ಮತ್ತು ಕಿಟಕಿಯ ಸರಳುಗಳು. ಎರಡನೆಯ ದಿನ ಯಶವಂತಪುರದಲ್ಲಿ ಇಳಿದು ಮೆಟ್ಟಿಲು ಹತ್ತುತ್ತಲೇ ‘ಏನೂ ಕಾಣುವುದಿಲ್ಲ, ಛಾಯಾಗ್ರಹಣ ಕಳಪೆ, ಪ್ರದರ್ಶನಕ್ಕೆ ಬೇಡ’ ಎಂದು ಗುಂಪಿನಲ್ಲಿ ಬರೆದುಬಿಟ್ಟೆ. ನನ್ನ ಮಾತು ನಂಬಿ ಆ ತಿಂಗಳು ಬೇರೆ ಚಿತ್ರ ಹಾಕಿದರು. ಮೇಷ್ಟ್ರು ಗುಂಪಿನಲ್ಲಿ ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ಫೋನ್ ಮಾಡಿ, ‘ಭಾನುವಾರ ರಾತ್ರಿ ಊಟ ಮುಗಿಸಿಕೊಂಡು ಮನೆ ಕಡೆ ಬಾಪ್ಪ’ ಎಂದರು.

ಅವರ ಮನೆಯಲ್ಲಿದ್ದದ್ದು 32 ಅಂಗುಲದ ಸಾಧಾರಣ ಟಿವಿ. ಕಿಟಕಿಗೆ ಕಂಬಳಿ ಕಟ್ಟಿದ್ದರು, ಮಿಣುಕುವ ವೈಫೈ ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿದ್ದರು. ದೀಪ ಆರಿಸಿದ ಮೇಲೂ ಚಿತ್ರ ಶುರು ಮಾಡಲಿಲ್ಲ. ‘ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ, ಹತ್ತು ನಿಮಿಷ ಸುಮ್ಮನೆ ಕೂತ್ಕೊ’ ಎಂದರು. ಆಮೇಲೆ ಅದೇ ಚಿತ್ರ ಬಂತು. ನಾನು ಕಪ್ಪು ಎಂದು ತಳ್ಳಿಹಾಕಿದ್ದ ಕಡೆಯಲ್ಲೆಲ್ಲ ಹತ್ತಾರು ಬೂದುಬಣ್ಣಗಳಿದ್ದವು. ಮಳೆಯಲ್ಲಿ ತೊಯ್ದ ಮರಕ್ಕೂ ಒಣಗಿದ ಮರಕ್ಕೂ ಬಣ್ಣದಲ್ಲಿ ವ್ಯತ್ಯಾಸವಿತ್ತು, ದೀಪದ ಬೆಳಕಿನಲ್ಲಿ ದಾಳ ಉರುಳುವಾಗ ಮಮ್ಮೂಟ್ಟಿಯವರ ಮುಖದ ಅರ್ಧ ಭಾಗ ಮಾತ್ರ ಕಾಣುತ್ತಿತ್ತು, ಉಳಿದರ್ಧದಲ್ಲಿ ಏನಿದೆ ಎಂಬ ಭಯವೇ ಆ ಚಿತ್ರದ ಜೀವವಾಗಿತ್ತು. ಇಡೀ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ತೆಗೆದಿರುವಾಗ ಕಪ್ಪನ್ನೇ ನೋಡದೆ ಛಾಯಾಗ್ರಹಣ ಕಳಪೆ ಎಂದು ಬರೆದಿದ್ದೆ. ಮೇಷ್ಟ್ರು ಜೀವನವಿಡೀ ಮಕ್ಕಳಿಗೆ ಇದ್ದಿಲಿನಲ್ಲಿ ನೆರಳು ಹಾಕುವುದನ್ನು ಕಲಿಸಿದವರು. ಆ ಚಿತ್ರ ಅವರಿಗೇಕೆ ಬೇಕಾಗಿತ್ತು ಎಂದು ನನಗೆ ಆ ರಾತ್ರಿ ಅರ್ಥವಾಯಿತು. ಮರುದಿನ ಗುಂಪಿನಲ್ಲಿ ಕ್ಷಮೆ ಕೇಳಿದೆ, ಹಳೆಯವರಿಗೆ ನೆನಪಿರಬಹುದು.

ಅಂದಿನಿಂದ ನಾನು ಬಿಡದೆ ಪಾಲಿಸಿಕೊಂಡು ಬಂದಿರುವ ಒಂದು ಪದ್ಧತಿಯಿದೆ. ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ ಮತ್ತು ಒಂದು ಪೆನ್ಸಿಲ್ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಪೆನ್ಸಿಲ್ಲೇ ಏಕೆಂದರೆ, ಕತ್ತಲಲ್ಲಿ ಬರೆಯುವಾಗ ಪೆನ್ನು ಕೈಕೊಟ್ಟರೆ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತೇನೆ ಎನ್ನಬೇಡಿ, ಟಿಪ್ಪಣಿಗೆಂದು ತೆರೆದ ಫೋನು ವಾಟ್ಸ್ಆ್ಯಪ್‌ನಲ್ಲಿ ಕೊನೆಗೊಳ್ಳುತ್ತದೆ. ಚಿತ್ರ ನೋಡುವಾಗ ವಿಮರ್ಶೆ ಬರೆಯುವುದಿಲ್ಲ. ನನ್ನ ಗಮನ ತಪ್ಪಿದ ಹೊತ್ತನ್ನು ಮಾತ್ರ ಗುರುತು ಹಾಕಿಕೊಳ್ಳುತ್ತೇನೆ: 23ನೇ ನಿಮಿಷ, 51ನೇ ನಿಮಿಷ, ಹೀಗೆ. ಮುಗಿದ ಮೇಲೆ ಚಿತ್ರ ಯಾವ ಬಗೆಯದು, ಏನು ಮಾಡಲು ಹೊರಟಿತ್ತು ಎಂದು ಒಂದೇ ಸಾಲು. ಆಮೇಲೆ ನೋಟ್‌ಬುಕ್ ಮುಚ್ಚಿ ಮಲಗುತ್ತೇನೆ. ಬೆಳಿಗ್ಗೆ ಎದ್ದು, ಕಾಫಿಗೂ ಮೊದಲು, ತಾನಾಗಿ ನೆನಪಿಗೆ ಬಂದ ದೃಶ್ಯ ಯಾವುದೋ ಅದನ್ನು ಬರೆಯುತ್ತೇನೆ. ಇದಾದ ನಂತರವೇ ಗುಂಪಿಗೆ ಬರೆಯುವುದು. ರಾತ್ರಿ ಕಳೆಯುವ ಮೊದಲು ಹಾಕಿದ ಸ್ಟಾರ್‌ಗಳನ್ನು ನಂಬಬೇಡಿ, ಅವು ನಿಮ್ಮ ಆಯಾಸವನ್ನೋ ಹಸಿವನ್ನೋ ಅಳೆದಿರುತ್ತವೆ.

ಗಮನ ತಪ್ಪಿದ ಹೊತ್ತನ್ನು ಬರೆದುಕೊಳ್ಳುವುದರಿಂದ ಏನು ಸಿಗುತ್ತದೆ ಎಂದು ಕೇಳಬಹುದು. ಆ ನಿಮಿಷಕ್ಕೆ ಹಿಂದಿರುಗಿ ಒಂದೈದು ನಿಮಿಷ ಮತ್ತೆ ನೋಡಿ. ಅಲ್ಲಿ ಚಿತ್ರ ನಿಜಕ್ಕೂ ಕುಂಟಿದ್ದರೆ ಎರಡನೆಯ ಸಲವೂ ಕುಂಟುತ್ತದೆ, ಆಗ ನಿಮ್ಮ ಟೀಕೆಗೆ ಆಧಾರ ಸಿಕ್ಕಿತು. ಕುಂಟದಿದ್ದರೆ ತಪ್ಪು ನಮ್ಮದು. ನನ್ನ ನೋಟ್‌ಬುಕ್‌ನಲ್ಲಿ ಈ ಎರಡೂ ಬಗೆಯವು ಇವೆ. ‘ಸು ಫ್ರಮ್ ಸೋ’ ನಡುಭಾಗದಲ್ಲಿ ಒಂದೇ ಬಗೆಯ ಹಾಸ್ಯ ಮರುಕಳಿಸಿತು ಎಂಬ ನನ್ನ ದೂರು ಎರಡನೆಯ ಸಲವೂ ಉಳಿಯಿತು. ‘12 ಆಂಗ್ರಿ ಮೆನ್’ ಬಗ್ಗೆ ಬರೆದುಕೊಂಡಿದ್ದ ದೂರು ಎರಡನೆಯ ಸಲ ಉಳಿಯಲಿಲ್ಲ.

ಆ ಚಿತ್ರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ‘ಒಂದೇ ಕೋಣೆಯಲ್ಲಿ ಮಾತೇ ಮಾತು’ ಎಂಬ ನಿಮ್ಮ ಸಾಲು ನನ್ನನ್ನು ಹೆಚ್ಚು ಕಾಡಿತು. 1957ರ ಚಿತ್ರ, 96 ನಿಮಿಷ, ತಂದೆಯನ್ನು ಕೊಂದ ಆರೋಪ ಹೊತ್ತ ಹುಡುಗ ಅಪರಾಧಿಯೇ ಎಂದು ಹನ್ನೆರಡು ಜನ ಜ್ಯೂರಿಗಳು, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರು, ತೀರ್ಮಾನಿಸಬೇಕು, ಮೊದಲಿಗೆ ಹನ್ನೊಂದು ಮಂದಿ ಅಪರಾಧಿ ಎನ್ನುವ ಕಡೆ, ಒಬ್ಬ ಮಾತ್ರ ಇನ್ನೊಂದು ಕಡೆ. ನಿರ್ದೇಶಕ ಸಿಡ್ನಿ ಲುಮೆಟ್ ಆ ಕೋಣೆಯನ್ನು ಕ್ಯಾಮೆರಾದಿಂದಲೇ ಕುಗ್ಗಿಸುತ್ತಾ ಹೋಗುತ್ತಾರೆ. ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಕೊನೆಯ ಭಾಗದಲ್ಲಿ ಅದಕ್ಕೂ ಕೆಳಗೆ ಹೋಗುತ್ತದೆ. ಹಿನ್ನೆಲೆಯನ್ನು ಹತ್ತಿರಕ್ಕೆ ಎಳೆದು ತೋರಿಸುವ ಉದ್ದನೆಯ ಲೆನ್ಸ್‌ಗಳನ್ನೂ ಹಂತಹಂತವಾಗಿ ಬಳಸುವುದರಿಂದ ಗೋಡೆಗಳು ಹತ್ತಿರ ಬಂದಂತೆ, ಸೂರು ತಲೆಯ ಮೇಲೆ ಕೂತಂತೆ ಕಾಣುತ್ತದೆ. ಆ ಕೋಣೆಯ ಫ್ಯಾನ್ ನೋಡಿದಿರಾ? ಸೆಖೆಯಲ್ಲಿ ಹೆಚ್ಚಿನವರ ಅಂಗಿ ಬೆವರಿನಿಂದ ತೊಯ್ದಿರುತ್ತದೆ, ಫ್ಯಾನ್ ಕೆಟ್ಟಿದೆ ಎಂದುಕೊಂಡಿರುತ್ತಾರೆ, ಮಳೆ ಬಂದು ಕತ್ತಲಾಗಿ ಯಾರೋ ದೀಪದ ಸ್ವಿಚ್ ಹಾಕಿದಾಗ ಅದೂ ತಿರುಗತೊಡಗುತ್ತದೆ. ಒಂದೂವರೆ ವೇಗದಲ್ಲಿ 96 ನಿಮಿಷ 64 ನಿಮಿಷವಾಗುತ್ತದೆ, ಮಾತುಗಳು ಕೇಳುತ್ತವೆ, ಆದರೆ ಸೆಖೆ ತಟ್ಟುವುದಿಲ್ಲ. ಸೆಖೆ ತಟ್ಟದವರಿಗೆ ಅವರ ಕೋಪ ಎಲ್ಲಿಂದ ಬಂತು ಎಂದು ಹೇಗೆ ತಿಳಿಯಬೇಕು?

ವೇಗದ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಅಡುಗೆಯ ವೀಡಿಯೊ, ಪಾಠದ ವೀಡಿಯೊ ಯಾವ ವೇಗದಲ್ಲಾದರೂ ನೋಡಿಕೊಳ್ಳಿ. ಚಿತ್ರದಲ್ಲಿ ಮೌನಕ್ಕೂ ಅಳತೆಯಿರುತ್ತದೆ, ಸಂಕಲನಕಾರರು ಒಂದೊಂದು ಫ್ರೇಮ್ ಲೆಕ್ಕ ಹಾಕಿ ಅದನ್ನು ಅಲ್ಲಿ ಬಿಟ್ಟಿರುತ್ತಾರೆ. ‘ಪರ್ಫೆಕ್ಟ್ ಡೇಸ್’ ಕೊನೆಗೆ ವ್ಯಾನ್ ಓಡಿಸುತ್ತಿರುವ ಕೋಜಿ ಯಾಕುಶೋ ಅವರ ಮುಖವನ್ನು ಕ್ಯಾಮೆರಾ ಬಹಳ ಹೊತ್ತು ನೋಡುತ್ತಲೇ ಇರುತ್ತದೆ. ನಗು ಬಂದು, ಕಣ್ಣು ತುಂಬಿ, ಮತ್ತೆ ನಗು ಬರುತ್ತದೆ. ವೇಗ ಹೆಚ್ಚಿಸಿದರೆ ಅದೇ ಮುಖ ಸೆಳೆತ ಹಿಡಿದವರ ಮುಖದಂತೆ ಕಾಣುತ್ತದೆ. 2023ರಲ್ಲಿ ಕಾನ್ ಚಿತ್ರೋತ್ಸವ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಕೊಟ್ಟದ್ದು ಈ ಪಾತ್ರಕ್ಕೆ. ಟೋಕಿಯೊ ನಗರದ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಆ ಮನುಷ್ಯ, ಕಣ್ಣಿಗೆ ಕಾಣದ ಅಂಚಿನ ಅಡಿಭಾಗವನ್ನೂ ಪುಟ್ಟ ಕನ್ನಡಿ ಹಿಡಿದು ಪರೀಕ್ಷಿಸುತ್ತಾನೆ. ಅಷ್ಟು ನಿಧಾನವಾಗಿ, ಅಷ್ಟು ಶ್ರದ್ಧೆಯಿಂದ ಕೆಲಸ ಮಾಡುವವನ ಕಥೆಯನ್ನು ಅವಸರದಲ್ಲಿ ನೋಡಿ ಲ್ಯಾಗ್ ಎಂದರೆ ನ್ಯಾಯವಾಗುವುದಿಲ್ಲ. ಅದು ರಾತ್ರಿ ಊಟವಾದ ಮೇಲೆ ನೋಡುವ ಚಿತ್ರವೂ ಅಲ್ಲ. ಭಾನುವಾರ ಬೆಳಿಗ್ಗೆ, ಮನೆಯವರು ಏಳುವ ಮೊದಲು ನೋಡಿ.

ಇದೇ ಚಿತ್ರಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಇದನ್ನು ಹಳೆಯ ಟಿವಿಯ ಆಕಾರಕ್ಕೆ ಹತ್ತಿರವಾದ ಚೌಕಟ್ಟಿನಲ್ಲಿ ತೆಗೆದಿದ್ದಾರೆ, ಆದ್ದರಿಂದ ಎಡಬಲಗಳಲ್ಲಿ ಕಪ್ಪು ಪಟ್ಟಿ ಬರುತ್ತದೆ. ಪರದೆ ತುಂಬಲಿ ಎಂದು ಎರಡು ಬೆರಳಿನಿಂದ ಹಿಗ್ಗಿಸಿದರೆ ಮೇಲಿನ ಮರಗಳೂ ಕೆಳಗಿನ ಕೈಗಳೂ ಕತ್ತರಿಸಿಹೋಗುತ್ತವೆ, ಅವನು ದಿನವೂ ತಲೆಯೆತ್ತಿ ನೋಡುವುದೇ ಮರಗಳನ್ನು. ನೀವು ಹಿಗ್ಗಿಸಿಯೇ ನೋಡಿರಬೇಕು ಎಂದು ನನ್ನ ಅನುಮಾನ, ತಪ್ಪಾಗಿದ್ದರೆ ಕ್ಷಮಿಸಿ.

ಟಿವಿ ಇರುವವರು ಅದರ ಸೆಟ್ಟಿಂಗ್ ಸರಿಮಾಡಿಕೊಳ್ಳದೆ ನೋಡಿದರೆ ಫೋನಿಗಿಂತ ಹೆಚ್ಚಿನ ಲಾಭವಿಲ್ಲ. ಚಿತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ತಯಾರಾಗುತ್ತವೆ, ಟಿವಿ ತಾನೇ ನಡುನಡುವೆ ಫ್ರೇಮ್‌ಗಳನ್ನು ಹುಟ್ಟಿಸಿ ಸೇರಿಸಿದಾಗ ದೊಡ್ಡ ಚಿತ್ರವೂ ಧಾರಾವಾಹಿಯಂತೆ ಕಾಣುತ್ತದೆ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ ಆಟೋ ಮೋಷನ್ ಪ್ಲಸ್ ಎಂಬ ಹೆಸರುಗಳಿರುತ್ತವೆ, ಅದನ್ನು ಆಫ್ ಮಾಡಿ. ಚಿತ್ರವನ್ನು ತಯಾರಿಸಿದವರು ಬಯಸಿದಂತೆಯೇ ತೋರಿಸುವ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿ. ಅಂಗಡಿಯಲ್ಲಿ ಮಿಂಚಿ ತೋರಿಸಲು ಇಟ್ಟಿರುವ ವಿವಿಡ್ ಮೋಡ್ ಮನೆಗೆ ಬೇಡವೇ ಬೇಡ. ಕ್ರಿಕೆಟ್‌ಗೆ ಬೇಕು ಎನ್ನುವವರು ಕ್ರಿಕೆಟ್ ಇರುವ ದಿನ ಬದಲಾಯಿಸಿಕೊಳ್ಳಲಿ.

ಇನ್ನು ‘ಎ ಕ್ವೈಟ್ ಪ್ಲೇಸ್’. ಸದ್ದು ಕೇಳಿ ಬೇಟೆಗೆ ಬರುವ ಜೀವಿಗಳ ನಡುವೆ ಉಸಿರು ಬಿಗಿಹಿಡಿದು ಬದುಕುವ ಕುಟುಂಬದ ಕಥೆಯನ್ನು ಬಸ್ಸಿನ ಹಾರನ್ನಿನ ನಡುವೆ, ಫೋನಿನ ಸ್ಪೀಕರಿನಲ್ಲಿ ಕೇಳಿದ ಮೇಲೆ ಹೆದರಿಕೆಯಾಗಲಿಲ್ಲ ಎಂದರೆ ಚಿತ್ರ ಏನು ಮಾಡಬೇಕು? ಮಗಳ ಪಾತ್ರ ಮಾಡಿರುವ ಮಿಲಿಸೆಂಟ್ ಸಿಮಂಡ್ಸ್ ನಿಜಜೀವನದಲ್ಲೂ ಕಿವಿ ಕೇಳದವರು. ಅವರ ಕಡೆಯಿಂದ ದೃಶ್ಯ ಕಾಣುವಾಗ ಧ್ವನಿ ಪೂರ್ತಿ ನಿಂತುಹೋಗುತ್ತದೆ, ಆ ನಿಲುಗಡೆಯಲ್ಲೇ ಭಯ ಹುಟ್ಟುವುದು. ಮೆಟ್ಟಿಲ ಮೇಲೆ ತಲೆಯೆತ್ತಿ ನಿಂತ ಒಂದು ಮೊಳೆಯನ್ನು ನಮಗೆ ತೋರಿಸಿ, ಬರಿಗಾಲಿನಲ್ಲಿ ಓಡಾಡುವ ಮನೆಯವರಿಗೆ ತೋರಿಸದೆ ಕಾಯಿಸುತ್ತಾರಲ್ಲ, ಅದಕ್ಕೆ ಕಿವಿಯೂ ಕಣ್ಣೂ ಎರಡೂ ಬೇಕು. ಹೆಡ್‌ಫೋನ್ ಇಲ್ಲದೆ ಭಯಾನಕ ಚಿತ್ರ ಹಾಕಲೇಬೇಡಿ. ದುಬಾರಿಯದೇ ಆಗಬೇಕಿಲ್ಲ. ನಾನು ಬಳಸುವುದು ಸೋನಿಯ ಕಿವಿ ಮುಚ್ಚುವ, ತಂತಿಯಿರುವ ಸಾಮಾನ್ಯ ಹೆಡ್‌ಫೋನ್, ನನಗೆ ತೃಪ್ತಿಯಿದೆ. ಬಾಸ್ ಹೆಚ್ಚು ಎಂಬುದನ್ನೇ ಹೇಳಿ ಮಾರುವ ಹೆಡ್‌ಫೋನ್‌ಗಳನ್ನು ಹಾಡಿಗೆ ಇಟ್ಟುಕೊಳ್ಳಿ, ಅವುಗಳಲ್ಲಿ ಪಿಸುಮಾತು ಮುಳುಗಿಹೋಗುತ್ತದೆ. ಬ್ಲೂಟೂತ್‌ನಲ್ಲಿ ಕೆಲವೊಮ್ಮೆ ತುಟಿ ಮೊದಲು ಆಡಿ ಮಾತು ಆಮೇಲೆ ಬರುವುದುಂಟು, ತಂತಿಯೇ ಮೇಲು. ಆದರೆ ಹೃದಯದ ತೊಂದರೆಯಿರುವವರು, ಗರ್ಭಿಣಿಯರು ಈ ಪ್ರಯೋಗಕ್ಕೆ ಹೋಗಬೇಡಿ. ಮಕ್ಕಳಿಗೂ ಬೇಡ, ಚಿತ್ರದ ಆರಂಭದಲ್ಲಿಯೇ ಮಗುವಿನ ಸಾವಿದೆ.

ಹಾಸ್ಯಕ್ಕೆ ಇದು ಸಂಪೂರ್ಣ ತಿರುಗುಮುರುಗು. ‘ಸು ಫ್ರಮ್ ಸೋ’ 2025ರ ಜುಲೈನಲ್ಲಿ ತೆರೆಕಂಡಾಗ ನಾನು ನಮ್ಮ ತುಮಕೂರಿನ ಚಿತ್ರಮಂದಿರದಲ್ಲಿ ತುಂಬಿದ ಜನರ ನಡುವೆ ನೋಡಿದೆ. ಕರಾವಳಿಯ ಕನ್ನಡ ನಮ್ಮ ಕಡೆಯವರ ಕಿವಿಗೆ ಹೊಸದು. ಮೊದಲ ಹದಿನೈದು ನಿಮಿಷ ನಗು ಒಂದು ಕ್ಷಣ ತಡವಾಗಿ ಬರುತ್ತಿತ್ತು, ಮುಂದಿನ ಸಾಲಿನವರು ನಕ್ಕಾಗ ಹಿಂದಿನವರಿಗೆ ಅರ್ಥವಾಗುತ್ತಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ ನಗತೊಡಗಿದರು. ಕೊನೆಯ ಭಾಗದಲ್ಲಿ ಕಥೆ ಒಬ್ಬ ಹೆಣ್ಣುಮಗಳ ಸಂಕಟದ ಕಡೆಗೆ ತಿರುಗಿದಾಗ ಅಷ್ಟು ಜನರೂ ಮೌನವಾದದ್ದು ನನಗೆ ಚಿತ್ರದಷ್ಟೇ ನೆನಪಿದೆ. ಒಬ್ಬರೇ ಕುಳಿತು ನೋಡಿದ ಹಾಸ್ಯಚಿತ್ರಕ್ಕೆ ಅರ್ಧ ಸ್ಟಾರ್ ಸೇರಿಸಿಯೇ ಲೆಕ್ಕ ಹಾಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರಮಂದಿರ ತಪ್ಪಿದ್ದರೆ ಮನೆಯಲ್ಲಿ ಕನಿಷ್ಠ ನಾಲ್ಕು ಜನ ಸೇರಿ ನೋಡಿ.

ಅಂದರೆ ಐದು ಚಿತ್ರಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮ ಮೂಡಲಪಾಯ ಯಕ್ಷಗಾನ ನೋಡಲು ಕೂತವರು ಹರಿಕಥೆಯ ನಿರೀಕ್ಷೆ ಇಟ್ಟುಕೊಳ್ಳುತ್ತಾರೆಯೇ? ಹೀಗೆ ಹೇಳಿದ ಮಾತ್ರಕ್ಕೆ ಎಲ್ಲ ಚಿತ್ರಗಳನ್ನೂ ಮೆಚ್ಚಲೇಬೇಕು ಎಂದಲ್ಲ. ಎಲ್ಲ ಅನುಕೂಲ ಮಾಡಿಕೊಂಡು ನೋಡಿದ ಮೇಲೂ ನನಗೆ ಹಿಡಿಸದ ಚಿತ್ರಗಳು ನೋಟ್‌ಬುಕ್‌ನಲ್ಲಿ ಪುಟಗಟ್ಟಲೆ ಇವೆ. ಎಲ್ಲರಿಗೂ ಟಿವಿಯಾಗಲಿ ಪುರುಸೊತ್ತಾಗಲಿ ಇರುವುದಿಲ್ಲ ಎಂಬುದೂ ಗೊತ್ತು. ಫೋನೇ ಗತಿಯಾದರೆ ರಾತ್ರಿ ದೀಪ ಆರಿಸಿ, ಫೋನನ್ನು ಪುಸ್ತಕಗಳಿಗೆ ಒರಗಿಸಿ, ನೋಟಿಫಿಕೇಶನ್ ನಿಲ್ಲಿಸಿ ನೋಡಿ. ಬಸ್ಸಿನಲ್ಲಿ ನೋಡಲೇಬೇಕೆಂದಿದ್ದರೆ ಮೊದಲೊಮ್ಮೆ ನೋಡಿ ಮೆಚ್ಚಿದ ಚಿತ್ರವನ್ನೇ ಮತ್ತೆ ನೋಡಿ. ಡಬ್ಬಿಂಗ್ ಬೇಕೋ ಸಬ್‌ಟೈಟಲ್ ಬೇಕೋ ಎಂಬ ಜಗಳ ಗುಂಪಿನಲ್ಲಿ ಎಷ್ಟೋ ಸಲ ಆಗಿದೆ. ಓದುವುದು ಕಷ್ಟವಾಗುವ ಹಿರಿಯರಿಗೆ ಡಬ್ಬಿಂಗ್ ಇರಲಿ, ಉಳಿದವರು ಮೂಲ ಧ್ವನಿಯಲ್ಲೇ ಕೇಳಿ, ನಟನ ಅರ್ಧ ಅಭಿನಯ ಅವನ ಗಂಟಲಿನಲ್ಲಿರುತ್ತದೆ.

ನೀವು ಐದನ್ನೂ ಮತ್ತೆ ನೋಡಬೇಕಿಲ್ಲ, ಎರಡನ್ನು ನೋಡಿ. ‘ಭ್ರಮಯುಗಂ’ಗೆ ಮೇಷ್ಟ್ರ ಮನೆಯ ಬಾಗಿಲು ಈಗಲೂ ತೆರೆದಿದೆ, ನಾನು ಕೇಳಿಕೊಂಡಿದ್ದೇನೆ, ಬರುವ ಭಾನುವಾರ ರಾತ್ರಿ ಎಂಟಕ್ಕೆ ಬರಲಿ ಎಂದಿದ್ದಾರೆ. ಕೊನೆಯ ಬಸ್ಸು ತಪ್ಪಿದರೆ ನಮ್ಮ ಮನೆಯಲ್ಲಿ ಉಳಿದುಕೊಳ್ಳಿ. ‘ಎ ಕ್ವೈಟ್ ಪ್ಲೇಸ್’ ನಿಮ್ಮ ಮನೆಯಲ್ಲೇ ಆಗಬಹುದು, 90 ನಿಮಿಷದ ಚಿತ್ರ. ಹೆಡ್‌ಫೋನ್ ಇಲ್ಲದಿದ್ದರೆ ನನ್ನದನ್ನು ಭಾನುವಾರವೇ ಕೊಟ್ಟು ಕಳಿಸುತ್ತೇನೆ. ಫ್ಯಾನ್ ಮಾತ್ರ ನಿಲ್ಲಿಸಿ ನೋಡಿ, ಹೇಗೂ ಈಗ ಸೆಖೆಯಿಲ್ಲ.