ದುಬಾರಿ ಕಾರಿಗೆ ಮುಂಗಡ ಸರ್ವಿಸ್ ಪ್ಯಾಕೇಜು: ಕೊಳ್ಳಬೇಕೇ, ಬಿಡಬೇಕೇ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ದಂತವೈದ್ಯೆ. ಜರ್ಮನ್ ಕಂಪನಿಯೊಂದರ ಡೀಸೆಲ್ ಸೆಡಾನ್ ಬುಕ್ ಮಾಡಿದ್ದೇನೆ. ನಾಲ್ಕು ವರ್ಷ ಅಥವಾ 60,000 ಕಿ.ಮೀ.ವರೆಗಿನ ಸರ್ವಿಸ್ ಪ್ಯಾಕೇಜಿಗೆ ಶೋರೂಮಿನವರು 1,60,000 ರೂಪಾಯಿ ಹೇಳುತ್ತಿದ್ದಾರೆ. ಬ್ರೇಕ್ ಪ್ಯಾಡ್, ಡಿಸ್ಕ್, ವೈಪರ್‌ಗಳೂ ಸೇರಿದ ದೊಡ್ಡ ಪ್ಯಾಕೇಜಿಗೆ 2,60,000 ರೂಪಾಯಿ. ಪ್ಯಾಕೇಜಿಲ್ಲದೆ ಆಯಾ ವರ್ಷ ಹಣ ಕೊಟ್ಟು ಮಾಡಿಸಿದರೆ ಎಷ್ಟಾಗುತ್ತದೆ ಎಂದು ಕೇಳಿದಾಗ ಇಂದಿನ ದರದಲ್ಲಿ ಕ್ರಮವಾಗಿ 32,000, 48,000, 32,000 ಮತ್ತು 55,000 ರೂಪಾಯಿ ಎಂದರು. ನನ್ನ ಓಡಾಟ ವರ್ಷಕ್ಕೆ 8,000 ಕಿ.ಮೀ. ದಾಟುವುದಿಲ್ಲ. ಡೆಲಿವರಿಗೆ ಮುಂಚೆ ಕೊಂಡರೆ ಮಾತ್ರ ಈ ಬೆಲೆಯಂತೆ. ಏನು ಮಾಡಲಿ?

ಉತ್ತರ: ಸಣ್ಣ ಪ್ಯಾಕೇಜಿನಿಂದ ನಿಮಗೆ ಹೇಳಿಕೊಳ್ಳುವಂಥ ಲಾಭವಿಲ್ಲ, ನಷ್ಟವೂ ಇಲ್ಲ. ದೊಡ್ಡದು ಬೇಡ. ದರಪಟ್ಟಿಯನ್ನು ನೀವೇ ಕೇಳಿ ಪಡೆದಿರುವುದರಿಂದ ನನ್ನ ಕೆಲಸ ಹಗುರವಾಗಿದೆ. ಈ ಅಂಕಣಕ್ಕೆ ಬರೆಯುವವರಲ್ಲಿ ಹೆಚ್ಚಿನವರು ಪ್ಯಾಕೇಜಿನ ಬೆಲೆಯನ್ನು ಮಾತ್ರ ತಿಳಿಸಿ, ಅದನ್ನು ಯಾವುದರೊಂದಿಗೆ ಹೋಲಿಸಬೇಕೆಂಬುದನ್ನೇ ಬಿಟ್ಟಿರುತ್ತಾರೆ.

ಮೊದಲು ಲೆಕ್ಕ ನೋಡೋಣ. ನಾಲ್ಕು ಸರ್ವಿಸ್‌ಗಳಿಗೆ ಇಂದಿನ ದರದಲ್ಲಿ 1,67,000 ರೂಪಾಯಿ ಆಗುತ್ತದೆ. ಬಿಡಿಭಾಗ ಮತ್ತು ಕೂಲಿ ವರ್ಷಕ್ಕೆ ಶೇ 5ರಂತೆ ಏರಿದರೆ ನಾಲ್ಕು ವರ್ಷಗಳಲ್ಲಿ ನಿಮ್ಮ ಕೈಯಿಂದ ಹೋಗುವುದು ಸುಮಾರು 1,90,400 ರೂಪಾಯಿ. ಶೋರೂಮಿನವರು ಈ ಮೊತ್ತವನ್ನು ತೋರಿಸಿಯೇ '30,000 ರೂಪಾಯಿ ಉಳಿತಾಯ' ಎನ್ನುತ್ತಾರೆ. ಆದರೆ ಈ ಹಣವನ್ನು ನೀವು ಇವತ್ತೇ ಕೊಡಬೇಕಾಗಿಲ್ಲ. ಪ್ಯಾಕೇಜಿನ ಹಣವನ್ನು ಇವತ್ತೇ ಕೊಡಬೇಕು. ಶೇ 7ರ ಬಡ್ಡಿ ಸಿಗುವ ಠೇವಣಿಯಲ್ಲಿ ಹಣವಿಟ್ಟು, ಪ್ರತಿ ವರ್ಷದ ಕೊನೆಗೆ ಬೇಕಾದಷ್ಟನ್ನು ತೆಗೆದು ಸರ್ವಿಸ್ ಮಾಡಿಸುವುದಾದರೆ, ಈ ನಾಲ್ಕೂ ಬಿಲ್ಲುಗಳನ್ನು ತೀರಿಸಲು ಇಂದು ಇಡಬೇಕಾದದ್ದು ಸುಮಾರು 1,58,900 ರೂಪಾಯಿ. ಪ್ಯಾಕೇಜಿನ ಬೆಲೆ 1,60,000. ಎರಡೂ ಹೆಚ್ಚುಕಡಿಮೆ ಸಮ. ಕಂಪನಿಯವರು ಈ ಬೆಲೆಯನ್ನು ಕಣ್ಣುಮುಚ್ಚಿ ಕಟ್ಟಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಿದ್ದಮೇಲೆ ಲಾಭನಷ್ಟವನ್ನು ತೀರ್ಮಾನಿಸುವುದು ಕರಾರಿನ ಸಣ್ಣ ಅಕ್ಷರಗಳು. ಪ್ಯಾಕೇಜಿನ ಅವಧಿ ಕಾರು ನೋಂದಣಿಯಾದ ದಿನದಿಂದಲೇ ಶುರುವಾಗುತ್ತದೆಯೇ, ನಾಲ್ಕನೆಯ ಸರ್ವಿಸ್ ಅದರೊಳಗೆ ಬರುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳಿ. ನಿಮ್ಮ ನಾಲ್ಕನೆಯ ಸರ್ವಿಸ್ ಅತಿ ದುಬಾರಿಯದು, ಅದು ಬರುವುದು 48ನೆಯ ತಿಂಗಳಿಗೆ, ಪ್ಯಾಕೇಜು ಮುಗಿಯುವುದೂ ಆ ತಿಂಗಳೇ. ಕ್ಲಿನಿಕ್ಕಿನ ಕೆಲಸದಲ್ಲಿ ಒಂದು ವಾರ ತಡವಾಯಿತೆಂದರೆ ಆ ಹೊತ್ತಿಗೆ ಸುಮಾರು 66,900 ರೂಪಾಯಿಯಾಗಿರುವ ಸರ್ವಿಸ್ ಕೈತಪ್ಪುತ್ತದೆ. ಈ ಒಂದು ಷರತ್ತು ನಿಮ್ಮ ಪರವಾಗಿಲ್ಲದಿದ್ದರೆ ಪ್ಯಾಕೇಜನ್ನು ಕೊಳ್ಳಲೇಬೇಡಿ.

ಕಿಲೋಮೀಟರಿನ ಮಿತಿಯೂ ನಿಮಗೆ ಹೊಂದುವುದಿಲ್ಲ. ನಾಲ್ಕು ವರ್ಷಗಳಲ್ಲಿ ನಿಮ್ಮ ಕಾರು ಓಡುವುದು 32,000 ಕಿ.ಮೀ., ಕೊಳ್ಳುತ್ತಿರುವುದು 60,000 ಕಿ.ಮೀ.ಗೆ. ವರ್ಷ ಮತ್ತು ಕಿಲೋಮೀಟರುಗಳಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅಲ್ಲಿಗೆ ಪ್ಯಾಕೇಜೂ ಮುಗಿಯುವುದರಿಂದ ಉಳಿದ 28,000 ಕಿ.ಮೀ. ಮರಳಿ ಬರುವುದಿಲ್ಲ. ಅದೇ ನಾಲ್ಕು ವರ್ಷಕ್ಕೆ 40,000 ಕಿ.ಮೀ.ನ ಪ್ಯಾಕೇಜು ಇದೆಯೇ ಎಂದು ವಿಚಾರಿಸಿ. ಇದ್ದರೆ ಬೆಲೆ ಇಳಿಯಬೇಕು. ಕಡಿಮೆ ಓಡಿಸಿದ ಮಾತ್ರಕ್ಕೆ ಸರ್ವಿಸ್ ಮುಂದೂಡಬಹುದು ಎಂದೂ ಭಾವಿಸಬೇಡಿ. ಮರ್ಸಿಡಿಸ್ ಕಾರುಗಳಿಗೆ ಇಲ್ಲಿ ಒಂದು ವರ್ಷ ಅಥವಾ 15,000 ಕಿ.ಮೀ. ಎಂಬ ಲೆಕ್ಕ, ಬಿಎಂಡಬ್ಲ್ಯು ಕಾರುಗಳಲ್ಲಿ ಆಯಿಲ್, ಬ್ರೇಕ್ ಮುಂತಾದವುಗಳ ಸ್ಥಿತಿಯನ್ನು ಕಾರೇ ಗಮನಿಸಿ, ಯಾವುದನ್ನು ಯಾವಾಗ ಮಾಡಿಸಬೇಕೆಂದು ಪರದೆಯ ಮೇಲೆ ತೋರಿಸುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವವಾದ್ದರಿಂದ ಕಾರು ಶೆಡ್ಡಿನಲ್ಲಿ ನಿಂತೇ ಇದ್ದರೂ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾಗುತ್ತದೆ. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ದೊಡ್ಡ ಪ್ಯಾಕೇಜು. ಬಿಎಂಡಬ್ಲ್ಯು ಇಂಥದ್ದನ್ನು 'ಸರ್ವಿಸ್ ಇನ್‌ಕ್ಲೂಸಿವ್ ಪ್ಲಸ್' ಎಂಬ ಹೆಸರಿನಲ್ಲಿ ಮಾರುತ್ತದೆ, ಬೇರೆ ಕಂಪನಿಗಳಲ್ಲೂ ಇದಕ್ಕೆ ಸಮನಾದದ್ದು ಇದೆ. ನೀವು ಹೆಚ್ಚಾಗಿ ಕೊಡುವ ಒಂದು ಲಕ್ಷ ರೂಪಾಯಿ ಮುಖ್ಯವಾಗಿ ಬ್ರೇಕಿಗಾಗಿ. 32,000 ಕಿ.ಮೀ.ಗಳಲ್ಲಿ ಮುಂದಿನ ಚಕ್ರಗಳ ಪ್ಯಾಡ್ ಒಮ್ಮೆ ಬದಲಾಯಿಸಬೇಕಾದೀತು, ಆಗದೆಯೂ ಇದ್ದೀತು. ಡಿಸ್ಕ್‌ಗಳು ಅಷ್ಟರಲ್ಲಿ ಸವೆಯುವುದು ಅಪರೂಪ. ನೀವು ವಾರಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುವವರಾದರೆ ಬೇರೆ ಮಾತು, ಆದರೆ ವರ್ಷಕ್ಕೆ 8,000 ಕಿ.ಮೀ. ಎಂದರೆ ಹೆಚ್ಚಿನದು ಊರೊಳಗಿನ ಓಡಾಟವೇ ಇರಬೇಕು. ಪ್ಯಾಡ್ ಇಂತಿಷ್ಟು ಮಿಲಿಮೀಟರಿಗಿಂತ ತೆಳುವಾದರೆ ಮಾತ್ರ ಬದಲಾವಣೆ ಎಂಬ ಷರತ್ತೂ ಇರುತ್ತದೆ, ಅಳೆಯುವವರು ಅವರೇ. ವರ್ಷಕ್ಕೆ 20,000ದಿಂದ 25,000 ಕಿ.ಮೀ. ಬೆಂಗಳೂರಿನ ದಟ್ಟಣೆಯಲ್ಲಿ ಓಡಿಸುವವರಿಗೆ ನಾನು ಇದೇ ಪ್ಯಾಕೇಜನ್ನು ಕೊಳ್ಳಿ ಎಂದೇ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನು ನಾನೇ ಎತ್ತಬೇಕಾಗಿದೆ. ಸರ್ವಿಸ್ ಪ್ಯಾಕೇಜು ಎಂದರೆ ವಾರಂಟಿ ಅಲ್ಲ. ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್ ಇವೆಲ್ಲ ಮೊದಲೇ ಗೊತ್ತಿರುವ ಖರ್ಚುಗಳು. ಪ್ಯಾಕೇಜು ಅವನ್ನು ಮುಂಗಡವಾಗಿ ಕೊಂಡಿಟ್ಟುಕೊಳ್ಳುವ ವ್ಯವಸ್ಥೆ ಮಾತ್ರ. ಇಂಥ ಕಾರಿನ ಒಡೆಯರು ನಿಜವಾಗಿ ಹೆದರಬೇಕಾದದ್ದು ಟರ್ಬೋ, ಗೇರ್‌ಬಾಕ್ಸ್, ಏರ್ ಸಸ್ಪೆನ್ಷನ್, ಡೀಸೆಲ್ ಕಾರಿನ ಹೊಗೆ ಶುದ್ಧೀಕರಣದ ಸೆನ್ಸರುಗಳು ಕೆಟ್ಟಾಗ ಬರುವ ಬಿಲ್ಲಿಗೆ, ಇವುಗಳಲ್ಲಿ ಒಂದೂ ಸರ್ವಿಸ್ ಪ್ಯಾಕೇಜಿಗೆ ಸೇರುವುದಿಲ್ಲ. ಅವುಗಳಿಗೆ ಕಂಪನಿಯ ಮೂಲ ವಾರಂಟಿ, ಅದು ಮುಗಿದ ಬಳಿಕ ಎಕ್ಸ್‌ಟೆಂಡೆಡ್ ವಾರಂಟಿ ಬೇಕು. ನಿಮ್ಮಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ, ಮತ್ತು ಕಾರನ್ನು ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆಯಿದ್ದರೆ, ಎಕ್ಸ್‌ಟೆಂಡೆಡ್ ವಾರಂಟಿಯನ್ನೇ ಕೊಳ್ಳಿ.

ನಿಮ್ಮ ಊರಿನ ಮೆಕ್ಯಾನಿಕ್ಕಿನ ಹತ್ತಿರ ಪ್ಯಾಕೇಜು ನಡೆಯುವುದಿಲ್ಲ; ಅಧಿಕೃತ ಕೇಂದ್ರವಿರುವ ಊರಿಗೇ ಹೋಗಬೇಕು. ಬೆಂಗಳೂರಾದರೆ ಹೋಗಿಬರಲು 600 ಕಿ.ಮೀ., ಅಂದರೆ ನಾಲ್ಕು ಸರ್ವಿಸ್‌ಗೆ 2,400 ಕಿ.ಮೀ. ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿಯೇ ರದ್ದು ಎಂದು ಸಾರಾಸಗಟಾಗಿ ಷರತ್ತು ಹಾಕಬಾರದೆಂದು ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಹೇಳಿತ್ತು, ಕಂಪನಿಗಳು ಅದರ ವಿರುದ್ಧ ಮೇಲ್ಮನವಿಗೂ ಹೋದವು. ಆ ವಾದ ಏನೇ ಇರಲಿ, ವಾರಂಟಿ ಇರುವಷ್ಟು ಕಾಲ ಅಧಿಕೃತ ಕೇಂದ್ರದಲ್ಲೇ ಮಾಡಿಸುವುದು ಕ್ಷೇಮ. ಹಾಗಾಗಿ ಈ ಪ್ರಯಾಣ ಪ್ಯಾಕೇಜಿದ್ದರೂ ಇಲ್ಲದಿದ್ದರೂ ತಪ್ಪದು.

ಕೊನೆಗೆ, 'ಈಗ ಕೊಂಡರೆ ಮಾತ್ರ' ಎಂಬ ಮಾತು. ಹೊಸ ಕಾರಿನ ಸಂಭ್ರಮದಲ್ಲಿರುವವರು ಚೌಕಾಸಿಗೆ ನಿಲ್ಲುವುದಿಲ್ಲ ಎಂಬುದು ಮಾರುವವರಿಗೆ ಚೆನ್ನಾಗಿ ಗೊತ್ತು. ಮೊದಲ ಸರ್ವಿಸ್‌ವರೆಗೂ ಕೊಳ್ಳಲು ಅವಕಾಶವಿದೆಯೇ ಎಂದು ಶೋರೂಮಿನವರನ್ನಲ್ಲ, ನೇರವಾಗಿ ಕಂಪನಿಯ ಗ್ರಾಹಕ ಸೇವೆಯನ್ನು ಕೇಳಿ. ಕೊಳ್ಳುವುದಾದರೆ ಈ ಮೊತ್ತವನ್ನು ಕಾರಿನ ಸಾಲಕ್ಕೆ ಸೇರಿಸಲು ಒಪ್ಪಬೇಡಿ. ಶೇ 9ರ ಬಡ್ಡಿಯ ಐದು ವರ್ಷದ ಸಾಲದಲ್ಲಿ 1,60,000 ರೂಪಾಯಿಗೆ ಸುಮಾರು 39,000 ರೂಪಾಯಿ ಬಡ್ಡಿ ಬೀಳುತ್ತದೆ, ನಾಲ್ಕು ವರ್ಷಕ್ಕೆ ಪ್ಯಾಕೇಜು ಮುಗಿದಮೇಲೂ ಒಂದು ವರ್ಷ ಅದರ ಕಂತು ಕಟ್ಟುತ್ತಿರುತ್ತೀರಿ.

ಪ್ರಶ್ನೆ: ಮಂಗಳೂರಿನಲ್ಲಿ ಮೂರು ವರ್ಷ ಹಳೆಯ ಐಷಾರಾಮಿ ಎಸ್‌ಯುವಿ ನೋಡಿದ್ದೇನೆ. ಸರ್ವಿಸ್ ಪ್ಯಾಕೇಜು ಇನ್ನೂ ಎರಡು ವರ್ಷ ಇದೆಯೆಂದು ಮಾರುವವರು 75,000 ರೂಪಾಯಿ ಹೆಚ್ಚು ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಇಂಥ ಪ್ಯಾಕೇಜುಗಳು ಸಾಮಾನ್ಯವಾಗಿ ಕಾರಿನ ಚಾಸಿ ಸಂಖ್ಯೆಗೆ ಸೇರಿರುತ್ತವೆ, ಒಡೆಯರ ಹೆಸರಿಗಲ್ಲ. ಆದ್ದರಿಂದ ಕಾರು ಕೈಬದಲಾದರೂ ನಿಮಗೆ ಸಿಗಬಹುದು. ಮಾರುವವರ ಮಾತನ್ನು ನೆಚ್ಚದೆ, ಚಾಸಿ ಸಂಖ್ಯೆಯೊಂದಿಗೆ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿ, ಮುಗಿಯುವ ದಿನಾಂಕ, ಉಳಿದಿರುವ ಕಿಲೋಮೀಟರು, ವರ್ಗಾವಣೆಗೆ ಶುಲ್ಕವಿದೆಯೇ ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. 'ಎರಡು ವರ್ಷ' ಎನ್ನುವ ಪ್ಯಾಕೇಜಿನಲ್ಲಿ 6,000 ಕಿ.ಮೀ. ಮಾತ್ರ ಉಳಿದಿದ್ದರೆ ನಿಮಗೆ ಸಿಗುವುದು ಒಂದೇ ಸರ್ವಿಸ್. ಉಳಿದಿರುವ ಸರ್ವಿಸ್‌ಗಳ ಇಂದಿನ ದರವನ್ನು ಕೂಡಿಸಿ ನೋಡಿ, ಅದಕ್ಕಿಂತ ಹೆಚ್ಚು ಕೊಡಬೇಡಿ. ಅಲ್ಲಿರುವಾಗಲೇ ಹಿಂದಿನ ಸರ್ವಿಸ್‌ಗಳ ದಾಖಲೆಯನ್ನೂ ಕೇಳಿ ನೋಡಿ. ಪ್ಯಾಕೇಜಿದ್ದ ಕಾರಿನ ಇತಿಹಾಸ ಒಂದೇ ಕಡೆ ಕ್ರಮವಾಗಿ ಸಿಗುವುದು ಹಳೆಯ ಕಾರು ಕೊಳ್ಳುವವರಿಗೆ, ನನ್ನ ಮಟ್ಟಿಗೆ, ಆ ಉಚಿತ ಆಯಿಲ್‌ಗಿಂತ ಬೆಲೆಬಾಳುವ ಸಂಗತಿ.

ಪ್ರಶ್ನೆ: ಬೆಳಗಾವಿಯಲ್ಲಿ ನಮ್ಮ ಫೌಂಡ್ರಿಯ ಹೆಸರಿನಲ್ಲೇ ಕಾರು ಕೊಳ್ಳುತ್ತಿದ್ದೇವೆ. ಪ್ಯಾಕೇಜಿಗೆ ಕೊಟ್ಟ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು ಎಂದು ಶೋರೂಮಿನವರು ಹೇಳಿದರು. ನಿಜವೇ?

ಉತ್ತರ: ಇಲ್ಲ. ಚಾಲಕರೂ ಸೇರಿ 13 ಮಂದಿಗಿಂತ ಹೆಚ್ಚು ಕೂರದ ವಾಹನಗಳಿಗೆ ಜಿಎಸ್‌ಟಿ ಕಾಯ್ದೆಯ 17(5)ನೆಯ ಸೆಕ್ಷನ್ ಇನ್‌ಪುಟ್ ಕ್ರೆಡಿಟ್ಟನ್ನು ತಡೆದಿದೆ. ಅದೇ ಸೆಕ್ಷನ್ ಅವುಗಳ ಸರ್ವಿಸ್, ದುರಸ್ತಿ, ವಿಮೆಗಳಿಗೂ ಅನ್ವಯಿಸುತ್ತದೆ. ಕಾರು ಮಾರುವವರು, ಪ್ರಯಾಣಿಕರನ್ನು ಸಾಗಿಸುವವರು, ಡ್ರೈವಿಂಗ್ ಶಾಲೆಯವರು ಇಂಥವರಿಗೆ ವಿನಾಯಿತಿಯಿದೆ, ಫೌಂಡ್ರಿಗೆ ಇಲ್ಲ. ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚಾಗಿ ಹೇಗೆ ತೋರಿಸಬೇಕೆಂಬುದನ್ನು ನಿಮ್ಮ ಲೆಕ್ಕಪರಿಶೋಧಕರು ಹೇಳುತ್ತಾರೆ. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ನಿಮಗೆ ಕೊಟ್ಟಿರುವ ಪ್ಯಾಕೇಜಿನ ದರಪಟ್ಟಿ ಅದಕ್ಕೆ ಮುಂಚಿನದೋ ಆಮೇಲಿನದೋ ಎಂದು ದಿನಾಂಕ ನೋಡಿ, ಹಳೆಯದಾಗಿದ್ದರೆ ಹೊಸದನ್ನು ಕೇಳಿ ಪಡೆಯಿರಿ.