ಮೊಳಕಾಲ್ಮೂರು ಗಡಿಯಲ್ಲಿ ಇಂಟರ್‌ನೆಟ್ ಸಿಗುತ್ತದೆಯೇ ಎಂದು ಕೇಳಿದವರಿಗೆ

ಬರುವ ಜೂನ್‌ನಲ್ಲಿ ನಮ್ಮ ಕಡೆಯ ಶಾಲೆಗೆ ವರ್ಗವಾಗಿ ಬರುತ್ತಿರುವ ನೀವು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಪಂಚಾಯಿತಿಗಳಿಗೆ ಫೈಬರ್ ತಂತಿಯಲ್ಲಿ ಇಂಟರ್‌ನೆಟ್ ತಲುಪಿಸುವ ಕೇಂದ್ರದ ಭಾರತ್‌ನೆಟ್ ಯೋಜನೆಯ ಪಟ್ಟಿಯಲ್ಲಿ ನಮ್ಮ ಗ್ರಾಮ ಪಂಚಾಯಿತಿಯ ಹೆಸರಿನ ಮುಂದೆ 'ಸೇವೆಗೆ ಸಿದ್ಧ' ಎಂದಿದೆ, ಹಾಗಿದ್ದ ಮೇಲೆ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಳ್ಳಲು ಏನು ಅಡ್ಡಿ ಎಂದು ಕೇಳಿದ್ದೀರಿ. ಪಂಚಾಯಿತಿ ಕಚೇರಿಯಿರುವ ಊರಿನಲ್ಲಿ ಮನೆ ಹಿಡಿದರೆ ಬಹುಶಃ ಸಂಪರ್ಕ ಸಿಗುತ್ತದೆ. ಆದರೆ ನಿಮ್ಮ ಶಾಲೆ ಇರುವುದು ಅಲ್ಲಿಂದ ನಾಲ್ಕು ಕಿಲೋಮೀಟರ್ ಆಚೆಯ ಹಟ್ಟಿಯಲ್ಲಿ, ಅಲ್ಲಿಗೆ ಸಿಗುವುದಿಲ್ಲ. ಆ ನಾಲ್ಕು ಕಿಲೋಮೀಟರ್ ಏಕೆ ಹಾಗೇ ಉಳಿದಿದೆ ಎಂಬುದನ್ನು ಹೇಳಬೇಕಾದರೆ ನಮ್ಮ ನೆಲದ ಬಗ್ಗೆಯೂ ಯೋಜನೆಯ ಹಣದ ಬಗ್ಗೆಯೂ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗುತ್ತದೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳು ಆಂಧ್ರದ ಗಡಿಗೆ ತಾಗಿಕೊಂಡಿವೆ. ನಮಗೆ ಜಿಲ್ಲಾ ಕೇಂದ್ರಕ್ಕಿಂತ ರಾಯದುರ್ಗವೇ ಬಹಳ ಹತ್ತಿರ. ಹೆಣ್ಣು ಕೊಡುವುದು, ತರುವುದು, ಶೇಂಗಾ ಮಾರುವುದು, ರೈಲು ಹತ್ತುವುದು ಎಲ್ಲಕ್ಕೂ ಗಡಿ ದಾಟುತ್ತೇವೆ. ಒಂದೇ ಮನೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಜನರಿಗೆ ಗಡಿ ತೊಡಕೆನಿಸಿದ್ದು ಕಡಿಮೆ, ಫೋನಿಗೆ ಮಾತ್ರ ಅದು ನಿತ್ಯದ ತೊಡಕು. ದೂರಸಂಪರ್ಕ ಪರವಾನಗಿಯಲ್ಲಿ ಕರ್ನಾಟಕ ಒಂದು ವಲಯ, ಆಂಧ್ರ ಇನ್ನೊಂದು ವಲಯ. ಹೊಲದ ಈ ಬದುವಿನಲ್ಲಿ ನಿಂತರೆ ನಮ್ಮ ಟವರ್, ಆ ಬದುವಿಗೆ ಹೋದರೆ ಆಚೆಯ ಟವರ್. ರೋಮಿಂಗ್ ದರವಿದ್ದ ಕಾಲದಲ್ಲಿ ನಮ್ಮ ಹೊಲದಲ್ಲೇ ನಿಂತು ಮಾತಾಡಿದ್ದಕ್ಕೂ ಹೆಚ್ಚುವರಿ ಹಣ ಕಡಿತವಾಗುತ್ತಿತ್ತು. ಈಗ ಹಣ ಹೋಗುವುದಿಲ್ಲ, ಆದರೆ 'ನೀವು ಕರೆ ಮಾಡಿದ ಚಂದಾದಾರರು' ಎನ್ನುವ ದನಿ ಇದ್ದಕ್ಕಿದ್ದಂತೆ ತೆಲುಗಿಗೆ ತಿರುಗುವುದು ಇವತ್ತಿಗೂ ಇದೆ.

ಇನ್ನು ಹಟ್ಟಿ. ಮ್ಯಾಸನಾಯಕರು, ಗೊಲ್ಲರು ಕುರಿ ದನಗಳ ಹಿಂದೆ ಕಾವಲುಗಳ, ಅಂದರೆ ಹುಲ್ಲುಗಾವಲುಗಳ, ಮಗ್ಗುಲಲ್ಲಿ ನೆಲೆನಿಂತ ಕಾರಣ ನಮ್ಮ ಸೀಮೆಯಲ್ಲಿ ಊರುಗಳು ಒತ್ತೊತ್ತಾಗಿಲ್ಲ, ಒಂದೊಂದು ದಿಕ್ಕಿಗೆ ಒಂದೊಂದು ಹಟ್ಟಿಯಾಗಿ ಹರಡಿಕೊಂಡಿವೆ. ಒಂದು ಪಂಚಾಯಿತಿ ಎಂದರೆ ಕಚೇರಿಯಿರುವ ಒಂದು ಊರು, ಅದರ ಸುತ್ತ ಕೆಲವು ಹಳ್ಳಿಗಳು, ಅವುಗಳಿಗಿಂತ ಹೆಚ್ಚಿನ ಸಂಖ್ಯೆಯ ಹಟ್ಟಿಗಳು. ಮುಂದೆ ನಾನು ಹೇಳುವುದಕ್ಕೆಲ್ಲ ಇದೇ ತಳಹದಿ.

ಹಣ ಎಲ್ಲಿಂದ ಬರುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ, ಗೊತ್ತಾಗಬೇಕು. ಲಾಭವಿಲ್ಲದ ಕಡೆಗೂ ದೂರವಾಣಿ ತಲುಪಲಿ ಎಂದು 2002ರಲ್ಲಿ ಸಾರ್ವತ್ರಿಕ ಸೇವಾ ನಿಧಿಯನ್ನು ಸ್ಥಾಪಿಸಲಾಯಿತು. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ (ನಿಯಮದಂತೆ ಕೆಲವು ಬಾಬ್ತು ಕಳೆದು ಉಳಿಯುವ ಆದಾಯ) ಶೇ 5ರಷ್ಟನ್ನು ಈ ನಿಧಿಗೆ ಕಟ್ಟಬೇಕು. 2023ರ ದೂರಸಂಪರ್ಕ ಕಾಯ್ದೆ ಇದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರು ಕೊಟ್ಟಿತು. ಕಂಪನಿಗಳ ಆದಾಯವೆಂದರೆ ಕೊನೆಗೆ ನಾವು ಮಾಡಿಸುವ ರೀಚಾರ್ಜೇ. ಕೂಲಿಯಿಂದ ಬಂದ ಹಣದಲ್ಲಿ ತಿಂಗಳ ಪ್ಯಾಕ್ ಹಾಕಿಸಿಕೊಳ್ಳುವ ಹಟ್ಟಿಯ ಹೆಂಗಸಿನ ಪಾಲೂ ಆ ನಿಧಿಯಲ್ಲಿದೆ. ಆದ್ದರಿಂದ ಇಂಟರ್‌ನೆಟ್ ಕೇಳುವಾಗ ನಾವು ಯಾರ ದಯೆಯನ್ನೂ ಬೇಡುತ್ತಿಲ್ಲ, ಕಟ್ಟಿದ ಹಣದ ಲೆಕ್ಕ ಕೇಳುತ್ತಿದ್ದೇವೆ.

ಈ ನಿಧಿಯಿಂದಲೇ 2011ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಸಿಕ್ಕಿತು, ಮುಂದೆ ಅದು ಭಾರತ್‌ನೆಟ್ ಆಯಿತು. ಮೊದಲ ಹಂತದ ಒಂದು ಲಕ್ಷ ಪಂಚಾಯಿತಿಗಳ ಕೆಲಸ 2017ರ ಡಿಸೆಂಬರ್‌ನಲ್ಲಿ ಮುಗಿಯಿತು. ಕರ್ನಾಟಕ ಈ ಮೊದಲ ಹಂತದಲ್ಲೇ ಇತ್ತು. ತಾಲ್ಲೂಕು ಕೇಂದ್ರದ ದೂರವಾಣಿ ವಿನಿಮಯ ಕೇಂದ್ರದಿಂದ ಮೊದಲೇ ಇದ್ದ ಫೈಬರನ್ನು ಸಾಧ್ಯವಿದ್ದಷ್ಟು ದೂರ ಬಳಸಿಕೊಂಡು, ಉಳಿದ ದೂರಕ್ಕೆ ಹೊಸ ತಂತಿ ಹೂತು, ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಒಂದು ಪೆಟ್ಟಿಗೆ ಕೂರಿಸುವುದು ಅದರ ವಿನ್ಯಾಸ. ಪೆಟ್ಟಿಗೆಯ ದೀಪ ಹತ್ತಿದರೆ ಪಟ್ಟಿಯಲ್ಲಿ ಆ ಪಂಚಾಯಿತಿ 'ಸೇವೆಗೆ ಸಿದ್ಧ'. ಅಲ್ಲಿಂದ ಮನೆಗೆ, ಶಾಲೆಗೆ, ಹಟ್ಟಿಗೆ ತಂತಿ ಎಳೆಯುವ ಕೆಲಸವನ್ನು ಖಾಸಗಿಯವರು, ಕೇಬಲ್‌ನವರು ವ್ಯಾಪಾರವಾಗಿ ಮಾಡಿಕೊಳ್ಳುತ್ತಾರೆ ಎಂಬುದು ಆಗಿನ ನಂಬಿಕೆಯಾಗಿತ್ತು. ನಾಲ್ಕು ಕಿಲೋಮೀಟರ್ ತಂತಿ ಎಳೆದು ಹತ್ತು ಮನೆಯಿಂದ ಬಾಡಿಗೆ ಎತ್ತುವ ವ್ಯಾಪಾರಿ ನಮ್ಮ ಸೀಮೆಗೆ ಬರಲಿಲ್ಲ.

ನಮ್ಮ ಪಂಚಾಯಿತಿಯ ಆ ಪೆಟ್ಟಿಗೆಯನ್ನು ನಾನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ಕಾರ್ಯದರ್ಶಿಯ ಬೀರುವಿನ ಪಕ್ಕದ ಗೋಡೆಯಲ್ಲಿ ಅದು, ಕೆಳಗೆ ಬ್ಯಾಟರಿ, ಮಾಳಿಗೆಯ ಮೇಲೆ ಸೌರ ಫಲಕ. ಬ್ಯಾಟರಿ ಎರಡು ಬೇಸಿಗೆ ತಾಳಿತು, ಮೂರನೆಯದರಲ್ಲಿ ಸತ್ತಿತು. ಹೊಸದನ್ನು ಯಾರು ಕೊಡಿಸಬೇಕು ಎಂಬುದು ತೀರ್ಮಾನವಾಗಲಿಲ್ಲ, ಏಕೆಂದರೆ ಪೆಟ್ಟಿಗೆ ಪಂಚಾಯಿತಿಯ ಸ್ವತ್ತಲ್ಲ, ಅದನ್ನು ಹಾಕಿದವರ ಕಡತದಲ್ಲಿ ಬ್ಯಾಟರಿಗೆ ಬೇರೆ ಬಾಬ್ತಿಲ್ಲ. ಸಂಜೆ ಕಚೇರಿಗೆ ಬೀಗ ಹಾಕುವಾಗ ಮೇನ್ ಸ್ವಿಚ್ ಇಳಿಸುವುದು ಹಳೆಯ ರೂಢಿ. ಸ್ವಿಚ್ ಇಳಿದರೆ ಪೆಟ್ಟಿಗೆಯ ಹಸಿರು ದೀಪವೂ ಆರುತ್ತದೆ, ಅದನ್ನು ನಂಬಿ ಸಂಪರ್ಕ ಪಡೆದಿದ್ದ ಎದುರುಗಡೆಯ ಜೆರಾಕ್ಸ್ ಅಂಗಡಿಯ ಕೆಲಸವೂ ಅಲ್ಲಿಗೆ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಜೆಸಿಬಿಯದು. ಫೈಬರನ್ನು ನಿಯಮದ ಪ್ರಕಾರ 1.65 ಮೀಟರ್ ಆಳದಲ್ಲಿ ಹೂಳಬೇಕು. ನಮ್ಮದು ಬಂಡೆಯ ನೆಲ, ಹಲವೆಡೆ ಅಷ್ಟು ಆಳ ಹೋಗಿಲ್ಲ. 2019ರಲ್ಲಿ ಜಲಜೀವನ ಮಿಷನ್ ಶುರುವಾದ ಮೇಲೆ ಅದೇ ರಸ್ತೆಯ ಅದೇ ಪಕ್ಕದಲ್ಲಿ ನೀರಿನ ಪೈಪಿಗೆ ಅಗೆಯುತ್ತ ಬಂದರು. ನಮ್ಮೂರ ಕೆರೆ ಏರಿಯ ತಿರುವಿನಲ್ಲಿ ಜೆಸಿಬಿಯ ಹಲ್ಲಿಗೆ ಕಿತ್ತಳೆ ಬಣ್ಣದ ಪೈಪು ಸಿಕ್ಕಿಕೊಂಡು ಮೇಲೆ ಬಂದುದನ್ನು ನಾನೇ ಕಂಡೆ. ಒಳಗಿದ್ದ ತಂತಿ ಕೂದಲೆಳೆಗಳಂತೆ ಬಿಚ್ಚಿಕೊಂಡಿತ್ತು. ಚಾಲಕ ಅದನ್ನು ಹಳೆಯ ನೀರಿನ ಪೈಪೆಂದು ತಿಳಿದು ಮಣ್ಣು ಮುಚ್ಚಿ ಮುಂದೆ ಹೋದ, ಅವನದೇನೂ ತಪ್ಪಲ್ಲ, ಅಲ್ಲಿ ಗುರುತಿನ ಕಲ್ಲೇ ಇರಲಿಲ್ಲ. ನೀರು ಬೇಕು, ಇಂಟರ್‌ನೆಟ್ಟೂ ಬೇಕು; ಒಂದು ಸಾರ್ವಜನಿಕ ಯೋಜನೆ ಇನ್ನೊಂದನ್ನು ಕತ್ತರಿಸಿತು. ತಂತಿ ಒಂದೇ ದಿಕ್ಕಿನಲ್ಲಿ ಸಾಲಾಗಿ ಬಂದಿದ್ದರಿಂದ ಆ ಒಂದು ತುಂಡು ಮುಂದಿನ ಪಂಚಾಯಿತಿಗಳನ್ನೂ ಕತ್ತಲಿಗೆ ತಳ್ಳಿತು. ಅಗೆಯುವ ಮೊದಲು ತಿಳಿಸಬೇಕೆಂಬ ಆ್ಯಪ್ ಬಂದದ್ದು 2023ರ ಮಾರ್ಚ್‌ನಲ್ಲಿ, ಅಷ್ಟರಲ್ಲಿ ನಮ್ಮ ಕಡೆ ಅಗೆತ ಬಹುಪಾಲು ಮುಗಿದಿತ್ತು.

ಈ ದೋಷಗಳನ್ನು ಸರ್ಕಾರ ಗಮನಿಸಿಲ್ಲ ಎನ್ನಲಾಗದು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ₹1,39,579 ಕೋಟಿಯ ತಿದ್ದುಪಡಿಯಾದ ಭಾರತ್‌ನೆಟ್ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಸಾಲಿನ ಬದಲು ಉಂಗುರದ ವಿನ್ಯಾಸವಿದೆ, ಒಂದು ಕಡೆ ತಂತಿ ಕಡಿದರೆ ಇನ್ನೊಂದು ಸುತ್ತಿನಿಂದ ಸಂಪರ್ಕ ಉಳಿಯುತ್ತದೆ. ಹತ್ತು ವರ್ಷಗಳ ನಿರ್ವಹಣೆಯೂ ಯೋಜನೆಯಲ್ಲೇ ಸೇರಿದೆ. ಮನೆಗಳಿಗೆ ಸಂಪರ್ಕ ಕೊಡುವ ಸ್ಥಳೀಯ ಉದ್ಯಮಿಗಳಿಗೆ ಆದಾಯದಲ್ಲಿ ಪಾಲು ಸಿಗುತ್ತದೆ. ಇದು ನನ್ನ ಮಟ್ಟಿಗೆ ಸರಿಯಾದ ದಾರಿ, ನಿರ್ವಹಣೆಗೆ ಹಣವಿಡದೆ ಕಟ್ಟುವುದರ ಫಲವನ್ನು ಮೇಲೆ ಹೇಳಿದ ಬ್ಯಾಟರಿಯಲ್ಲಿ ನೋಡಿಯಾಗಿದೆ.

ಆದರೂ ಒಂದು ತೊಡಕು ಉಳಿದಿದೆ, ನನ್ನ ಉತ್ತರದ ತಿರುಳೂ ಅದೇ. ಹೊಸ ಕಾರ್ಯಕ್ರಮ 2.64 ಲಕ್ಷ ಪಂಚಾಯಿತಿಗಳಿಗೆ ಫೈಬರ್ ಕೊಡುತ್ತದೆ, ಉಳಿದ ಸುಮಾರು 3.8 ಲಕ್ಷ ಗ್ರಾಮಗಳಿಗೆ ಬೇಡಿಕೆ ಬಂದರೆ ಕೊಡುತ್ತದೆ. ಎರಡನ್ನೂ ಕೂಡಿದರೆ ಸುಮಾರು 6.44 ಲಕ್ಷ, ಅಂದರೆ ದೇಶದ ಗ್ರಾಮಪಟ್ಟಿಯ ಲೆಕ್ಕ. ಹಟ್ಟಿಗಳೂ ತಾಂಡಾಗಳೂ ತಲೆಮಾರುಗಳಿಂದ ಆ ಪಟ್ಟಿಯ ಹೊರಗಿದ್ದವು. ಕಂದಾಯದ ಕಾಗದದಲ್ಲಿ ಅವು ಯಾವುದೋ ಊರಿನ ಸರ್ವೆ ನಂಬರುಗಳು ಮಾತ್ರ. ನಮ್ಮ ರಾಜ್ಯ ಸರ್ಕಾರ ಅವುಗಳನ್ನು ಕಂದಾಯ ಗ್ರಾಮಗಳನ್ನಾಗಿ ಘೋಷಿಸುವ ಕೆಲಸವನ್ನು ಈಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡಿದೆ. ಘೋಷಣೆಯಾಗದ ಹಟ್ಟಿ ಬೇಡಿಕೆ ಸಲ್ಲಿಸುವುದಾದರೂ ಯಾವ ಹೆಸರಿನಲ್ಲಿ? ಅಮೆರಿಕದಲ್ಲಿ 2021ರ ಕಾಯ್ದೆಯಂತೆ ಇದೇ ಉದ್ದೇಶಕ್ಕೆ 4,245 ಕೋಟಿ ಡಾಲರ್ ಎತ್ತಿಟ್ಟಾಗ ಲೆಕ್ಕದ ಘಟಕವಾಗಿ ಹಿಡಿದದ್ದು ಪ್ರತಿಯೊಂದು ಮನೆ, ಅಂಗಡಿಯನ್ನು. ನಕ್ಷೆ ತಪ್ಪಿದ್ದರೆ ಪ್ರಶ್ನಿಸುವ ಅವಕಾಶವನ್ನೂ ಕೊಟ್ಟರು. ಅಲ್ಲಿಯೂ ತಡವಾಗಿದೆ, ಅದು ಬೇರೆ ಮಾತು. ಎಣಿಕೆ ಮನೆಯಿಂದ ಶುರುವಾದರೆ ಹಟ್ಟಿ ತಪ್ಪಿಹೋಗುವುದಿಲ್ಲ, ಕಚೇರಿಯಿಂದ ಶುರುವಾದರೆ ತಪ್ಪಿಹೋಗುತ್ತದೆ.

ಮೊಬೈಲ್ ಇದೆಯಲ್ಲ ಎಂದು ನೀವು ಕೇಳಬಹುದು. ನಮ್ಮಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದೆಂದು 2023ರಲ್ಲಿ ನಿಗದಿ ಮಾಡಿದ್ದಾರೆ, ಅದಕ್ಕೂ ಮೊದಲು 512 ಕಿಲೋಬಿಟ್ ಇತ್ತು. ಹಟ್ಟಿಯ ಒಳಗೆ ಆ 2 ಮೆಗಾಬಿಟ್ ಕೂಡ ನಿಲ್ಲುವುದಿಲ್ಲ. ಶಾಲೆಯ ಹಿಂದೆ ಒಂದು ಗುಂಡುಕಲ್ಲಿದೆ, ಅದರ ಮೇಲೆ ಹತ್ತಿದರೆ ಸಿಗ್ನಲ್ ಚೆನ್ನಾಗಿ ಹಿಡಿಯುತ್ತದೆ. ಉದ್ಯೋಗ ಖಾತ್ರಿ ಕೂಲಿಗಳ ಹಾಜರಿಯನ್ನು 2023ರ ಜನವರಿಯಿಂದ ಆ್ಯಪ್‌ನಲ್ಲಿ ದಿನಕ್ಕೆರಡು ಬಾರಿ ಫೋಟೊ ಸಮೇತ ಹಾಕುವುದು ಕಡ್ಡಾಯವಾದಾಗ, ಕೂಲಿ ಗುಂಪಿನ ಮೇಲುಸ್ತುವಾರಿ ನೋಡುವ ಕಾಯಕಬಂಧು ಹುಡುಗಿ ಫೋಟೊ ತೆಗೆದುಕೊಂಡು ಆ ಕಲ್ಲಿಗೇ ಓಡುತ್ತಿದ್ದಳು. ಪಡಿತರದ ದಿನ ಯಂತ್ರಕ್ಕೆ ಜಾಲ ಸಿಗದಿದ್ದರೆ ಅಂಗಡಿಯವರು ಅದನ್ನು ಎತ್ತಿಕೊಂಡು ಅಲ್ಲಿಗೇ ಬರುತ್ತಾರೆ, ಜನ ಕಲ್ಲಿನ ಬುಡದಲ್ಲಿ ಸಾಲು ನಿಲ್ಲುತ್ತಾರೆ. ಶೇಂಗಾ ಕಿತ್ತು ಕಿತ್ತು ಗೆರೆ ಸವೆದ ಅಜ್ಜಿಯ ಹೆಬ್ಬೆಟ್ಟು ನಾಲ್ಕನೆಯ ಸಲಕ್ಕೆ ಯಂತ್ರಕ್ಕೆ ಹೊಂದಿತು ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು, ಮತ್ತೆ ಮೊದಲಿನಿಂದ ಒತ್ತಬೇಕಾಯಿತು. ಜಾಲ ಎಂಬುದು ಇಲ್ಲಿ ಅಕ್ಕಿಯ ಪ್ರಶ್ನೆ, ಕೂಲಿಯ ಪ್ರಶ್ನೆ, ಮಕ್ಕಳ ವಿದ್ಯಾರ್ಥಿವೇತನದ ಪ್ರಶ್ನೆ.

ಆದ್ದರಿಂದ ಮನೆಯನ್ನು ಪಂಚಾಯಿತಿ ಊರಿನಲ್ಲೇ ಹಿಡಿಯಿರಿ, ಕಚೇರಿಯ ಹಿಂದಿನ ಬೀದಿಯಲ್ಲಿ ಎರಡು ಮನೆ ಖಾಲಿ ಇವೆ. ಶಾಲೆಗೆ ಬೇಕಾದ ಪಾಠದ ವಿಡಿಯೊಗಳನ್ನು ರಾತ್ರಿಯೇ ಇಳಿಸಿಕೊಂಡು ಹೋದರೆ ಒಳ್ಳೆಯದು. ಇನ್ನೊಂದು ಸಹಾಯ ನಿಮ್ಮಿಂದ ಬೇಕಾಗಿದೆ. ಹಟ್ಟಿಗೆ ಫೈಬರ್ ಕೊಡಬೇಕೆಂಬ ಬೇಡಿಕೆಯನ್ನು ಕಳೆದ ಗ್ರಾಮಸಭೆಯಲ್ಲಿ ನಡಾವಳಿಗೆ ಸೇರಿಸಿದ್ದೇವೆ, ಜತೆಗೆ ಮನೆ ಮನೆಗೆ ಹೋಗಿ ಎಣಿಸಿದ ಪಟ್ಟಿಯನ್ನೂ ಲಗತ್ತಿಸಿದ್ದೇವೆ. ಪಟ್ಟಿಯಲ್ಲಿ ಶಾಲೆಯ ಹೆಸರಿದೆ, ಮುಖ್ಯಶಿಕ್ಷಕರ ಹುದ್ದೆ ಖಾಲಿಯಿದ್ದುದರಿಂದ ಅದರ ಮುಂದಿನ ಸಹಿಯ ಜಾಗ ಮಾತ್ರ ಹಾಗೇ ಉಳಿದಿದೆ.